ಎಣ್ಣೆ, ಸೌದೆ, ಕಲ್ಲಿದ್ದಲು: ಒಂದೇ ಮನೆ, ಮೂರು ಚಳಿಗಾಲ

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ವಿಲ್ಕ್ಸ್‌-ಬ್ಯಾರಿ ಹತ್ತಿರ. ಹಳೇ ಮರದ ಮನೆ. ಕೊಂಡಾಗ ಬೇಸ್‌ಮೆಂಟಿನಲ್ಲಿ ಎರಡು ಒಲೆ ಇದ್ದವು. ಒಂದು ಎಣ್ಣೆಯದು (ಡೀಸೆಲ್‌ನಂಥ ಹೀಟಿಂಗ್ ಆಯಿಲ್), ಗುಂಡಿ ಒತ್ತಿದರೆ ಸಾಕು. ಇನ್ನೊಂದು ಆನೆಮರಿ ಗಾತ್ರದ ಕಬ್ಬಿಣದ ಒಲೆ. ಅದಕ್ಕೆ ಕೈಯಿಂದಲೇ ಕಲ್ಲಿದ್ದಲು ತುಂಬಬೇಕು. ಫ್ಯಾನ್ ಇಲ್ಲ, ಪೈಪ್ ಇಲ್ಲ. ಬಿಸಿ ಗಾಳಿ ತಾನಾಗಿ ಮೇಲೇರಿ, ಹಾಲ್‌ನ ನೆಲದಲ್ಲಿರುವ ದೊಡ್ಡ ಕಬ್ಬಿಣದ ಜಾಲರಿಯಿಂದ ಮನೆಯೊಳಗೆ ಬರುತ್ತದೆ. ಇದನ್ನು ಮೊದಲು ಗುಜರಿಗೆ ಹಾಕಿ ಅಂದಳು ನನ್ನ ಹೆಂಡತಿ. ಶಿರಸಿ ಕಡೆಯವನು ನಾನು. ಬಚ್ಚಲ ಒಲೆ ಮುಂದೆ ಕೂತು ಬೆಳೆದವನಿಗೆ ಒಲೆಯನ್ನು ಗುಜರಿಗೆ ಹಾಕುವ ಮನಸ್ಸು ಬರಲಿಲ್ಲ.

ಮೊದಲ ಚಳಿಗಾಲ ಎಣ್ಣೆಯಲ್ಲೇ ಕಳೆಯಿತು. ಎಣ್ಣೆ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಲಾರಿ ಬರುತ್ತದೆ, 275 ಗ್ಯಾಲನ್ ಟ್ಯಾಂಕಿಗೆ ತುಂಬಿಸಿ ಹೋಗುತ್ತದೆ, ನಾವು ದುಡ್ಡು ಕಟ್ಟುತ್ತೇವೆ. ಒಟ್ಟು 700 ಗ್ಯಾಲನ್ ಉರಿಯಿತು. ಗ್ಯಾಲನ್‌ಗೆ ಮೂರೂವರೆ ಡಾಲರ್ ಮೇಲೆ ಕೊಟ್ಟು, ಎರಡೂವರೆ ಸಾವಿರ ಡಾಲರ್ ಹೋಯಿತು. ಸುಖ ಏನೋ ಇತ್ತು, ಆದರೆ ಬಿಸಿ ಬಿಟ್ಟು ಬಿಟ್ಟು ಬರುತ್ತಿತ್ತು. ಹತ್ತು ನಿಮಿಷ ಬಿಸಿ ಗಾಳಿ ಊದುತ್ತದೆ, ನಿಲ್ಲುತ್ತದೆ, ಕಾಲು ತಣ್ಣಗಾಗುತ್ತದೆ, ಮತ್ತೆ ಊದುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಇಟ್ಟ ಹಾಗೇ ಇರುತ್ತಿತ್ತು. ಒಂದು ದಿನವೂ ಉಬ್ಬಲಿಲ್ಲ.

ಆ ವರ್ಷ ಜನವರಿಯಲ್ಲಿ, ಎಣ್ಣೆ ಬಿಲ್ ನೋಡಿ ಎದೆ ಝಲ್ ಅಂದಮೇಲೆ, ದೊಡ್ಡ ಒಲೆಗೆ ಸೌದೆ ಹಾಕಿ ನೋಡಿದೆ. ಸೌದೆ ನನಗೆ ಗೊತ್ತಿರುವ ವಿದ್ಯೆ ಅಲ್ವಾ! ಮೂರು ವಾರ ನಡೆಸಿದೆ. ಬೇಗ ಹೊತ್ತಿಕೊಳ್ಳುತ್ತದೆ, ಚಂದ ಉರಿಯುತ್ತದೆ, ನಾಲ್ಕು ಗಂಟೆಗೆ ಮುಗಿಯುತ್ತದೆ. ರಾತ್ರಿ ಎರಡಕ್ಕೆ ಎದ್ದು ಸೌದೆ ಹಾಕುವುದು ನೀರು ಕಾಯಿಸಿದಷ್ಟು ಸುಲಭ ಅಲ್ಲ. ಅದೂ ಅಲ್ಲದೆ ಗಾಳಿ ಕಮ್ಮಿ ಮಾಡಿ ನಿಧಾನ ಉರಿಸಿದರೆ ಚಿಮಣಿಯೊಳಗೆ ಟಾರಿನಂಥ ಕಪ್ಪು ಅಂಟು ಕೂರುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಮನೆಯೇ ಹೋಗಬಹುದು. ಸೌದೆ ಅಲ್ಲಿಗೆ ನಿಂತಿತು.

ಎರಡನೇ ಚಳಿಗಾಲಕ್ಕೆ ಕಲ್ಲಿದ್ದಲು ತರಿಸಿದೆ. ಇಲ್ಲಿ ಸಿಗುವುದು ಆಂಥ್ರಸೈಟ್, ಅಂದರೆ ಗಟ್ಟಿ ಕಲ್ಲಿದ್ದಲು. ನಮ್ಮ ಹಳೇ ರೈಲು ಎಂಜಿನ್ನಿನ ಕಪ್ಪು ಹೊಗೆಯ ಕಲ್ಲಿದ್ದಲಲ್ಲ ಇದು. ಕೈಯಲ್ಲಿ ಹಿಡಿದರೆ ಗಾಜಿನ ಹಾಗೆ ಹೊಳೆಯುತ್ತದೆ. ಉರಿಯುವಾಗ ಕಣ್ಣಿಗೆ ಕಾಣುವಂಥ ಹೊಗೆ ಇಲ್ಲ. ಅಮೆರಿಕದ ಆಂಥ್ರಸೈಟ್‌ನ ಬಹುಪಾಲು ಇರುವುದು ಪೆನ್ಸಿಲ್ವೇನಿಯಾದ ಈ ಈಶಾನ್ಯ ಮೂಲೆಯಲ್ಲೇ. ಇಲ್ಲಿಂದ ದೂರ ಹೋದ ಹಾಗೆ ಸಾಗಣೆ ಖರ್ಚು ಏರುತ್ತದೆ, ಹಾಗಾಗಿ ನನ್ನ ಲೆಕ್ಕ ಬೇರೆ ಊರಿನವರಿಗೆ ಹೊಂದುವುದಿಲ್ಲ.

ಅಂಗಡಿಯಲ್ಲಿ ಗಾತ್ರದ ಹೆಸರು ಕೇಳಿದರೆ ದಿನಸಿ ಚೀಟಿ ಓದಿದ ಹಾಗಿರುತ್ತದೆ. ನಟ್, ಪೀ, ರೈಸ್, ಬಾರ್ಲಿ. ರೈಸ್ ಅಂದರೆ ಅಕ್ಕಿಯಷ್ಟು ಸಣ್ಣದೇನಲ್ಲ, ಕಡಲೆ ಕಾಳಿನ ಆಸುಪಾಸು. ನನ್ನ ಒಲೆಗೆ ಬೇಕಾದದ್ದು ನಟ್, ಸಣ್ಣ ನಿಂಬೆಹಣ್ಣಿನಷ್ಟು. ಟನ್‌ಗೆ ಸುಮಾರು 300 ಡಾಲರ್ ಕೊಟ್ಟೆ. ಇಲ್ಲಿನ ಟನ್ ಅಂದರೆ 2000 ಪೌಂಡ್, ಹೆಚ್ಚುಕಮ್ಮಿ 907 ಕೆಜಿ. ಲಾರಿಯವನು ಬೇಸ್‌ಮೆಂಟ್ ಕಿಟಕಿಗೆ ತಗಡಿನ ಜಾರುಬಂಡೆ ಹಚ್ಚಿ ಸುರಿದ. ಆ ಸದ್ದಿಗೆ ಪಕ್ಕದ ಮನೆಯ ಅಜ್ಜ ಹೊರಗೆ ಬಂದರು. ಅವರ ತಂದೆ ಗಣಿಯಲ್ಲಿ ದುಡಿದವರಂತೆ. ಅಜ್ಜ ಸಿಗದಿದ್ದರೆ ನನ್ನ ಕಲ್ಲಿದ್ದಲು ಪ್ರಯೋಗ ಸೌದೆಗಿಂತ ಬೇಗ ಮುಗಿಯುತ್ತಿತ್ತು.

ಯಾಕೆ ಅಂದರೆ ನಾನು ಮೊದಲ ರಾತ್ರಿಯೇ ಒಲೆ ಆರಿಸಿದೆ. ಹೊತ್ತಿಸುವುದಕ್ಕೇ ಎರಡು ಗಂಟೆ ಹಿಡಿದಿತ್ತು. ಕೆಳಗೆ ಸೌದೆ ಕೆಂಡ ಮಾಡಿ, ಮೇಲೆ ತೆಳುವಾಗಿ ಕಲ್ಲಿದ್ದಲು ಹರಡಿ, ಅದು ಚಟಪಟ ಅಂದ ಮೇಲೆ ಇನ್ನೊಂದು ಪದರ, ಆಮೇಲೆ ಮತ್ತೊಂದು. ಕೊನೆಗೂ ಹಿಡಿಯಿತು. ಮಲಗುವ ಮುಂಚೆ ನೋಡಿದರೆ ಬೆಂಕಿ ಮಂಕಾಗಿದೆ. ಬಚ್ಚಲ ಒಲೆ ಅಭ್ಯಾಸ, ಸರಳು ತೆಗೆದುಕೊಂಡು ಮೇಲಿಂದ ಚೆನ್ನಾಗಿ ಕೆದಕಿದೆ. ಅಷ್ಟೇ. ನೀಲಿ ಜ್ವಾಲೆ ಕಣ್ಣೆದುರೇ ಮಾಯ. ಬೆಳಗ್ಗೆ ಅರೆಬೆಂದ ಕಪ್ಪು ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ಎತ್ತಿ ಹಾಕಿದೆ.

ಅಜ್ಜ ನಕ್ಕರು. "ಮೇಲಿಂದ ಮುಟ್ಟಲೇಬಾರದು. ಇದು ಉಸಿರಾಡುವುದು ಕೆಳಗಿಂದ," ಅಂದರು. ಕಲ್ಲುಗಳ ನಡುವಿನ ಸಂದಿಯಲ್ಲೇ ಗಾಳಿ ಏರಬೇಕು. ಕೆದಕಿದರೆ ಬೂದಿ ಆ ಸಂದಿಗೆ ಬಿದ್ದು ಉಸಿರು ಕಟ್ಟುತ್ತದೆ. ಊದುಗೊಳವೆಯೂ ಬೇಡ, ಬೀಸಣಿಗೆಯೂ ಬೇಡ, ಕೆಳಗಿನ ಬಾಗಿಲು ತೆರೆದರೆ ಸಾಕು. ಇದೇ ವಿಲ್ಕ್ಸ್‌-ಬ್ಯಾರಿಯಲ್ಲಿ 1808ರ ಫೆಬ್ರವರಿ 11ರಂದು ಜೆಸ್ಸಿ ಫೆಲ್ ಎಂಬಾತ ಈ ಗಟ್ಟಿ ಕಲ್ಲಿದ್ದಲನ್ನು ಕಬ್ಬಿಣದ ಸರಳುಗಳ ಜಾಲರಿ ಮೇಲಿಟ್ಟು ಉರಿಸಿ ತೋರಿಸಿದ. ತಿದಿ ಒತ್ತದೆ ಇದು ಮನೆ ಒಲೆಯಲ್ಲಿ ಉರಿಯುವುದಿಲ್ಲ ಅಂತ ಜನ ನಂಬಿದ್ದ ಕಾಲ. ಅವನು ಮಾಡಿದ್ದು ಇಷ್ಟೇ, ಕೆಳಗಿಂದ ಗಾಳಿಗೆ ದಾರಿ ಬಿಟ್ಟ.

ಆಮೇಲೆ ಒಂದು ಪದ್ಧತಿ ಕೂತಿತು. ಬೆಳಗ್ಗೆ ಆರು, ಸಂಜೆ ಆರು. ಮೊದಲು ಕೆಳಗಿನ ಗಾಳಿ ತೆರೆದು ಐದು ನಿಮಿಷ ಬೆಂಕಿಯನ್ನು ಎಬ್ಬಿಸಬೇಕು. ಆಮೇಲೆ ಒಲೆಯೊಳಗೆ ಬೆಂಕಿಯ ಕೆಳಗಿರುವ ಜಾಲರಿಯ ಹಿಡಿಯನ್ನು ಸಣ್ಣ ಸಣ್ಣ ಎಳೆತದಲ್ಲಿ ಗಡಗಡ ಅಲುಗಾಡಿಸಬೇಕು. ಮೊದಲು ಬೂದು ಬಣ್ಣದ ಬೂದಿ ಬೀಳುತ್ತದೆ. ಕೆಂಪು ಕಿಡಿ ಬೀಳಲು ಶುರುವಾದ ಕೂಡಲೇ ಕೈ ನಿಲ್ಲಿಸಬೇಕು. ಮುಂಚೆ ನಿಲ್ಲಿಸಿದರೆ ಗಾಳಿ ಆಡುವುದಿಲ್ಲ, ಜಾಸ್ತಿ ಅಲುಗಾಡಿಸಿದರೆ ಬೆಂಕಿಯೇ ಕೆಳಗೆ ಬಂದುಬಿಡುತ್ತದೆ. ಆಮೇಲೆ ಸಲಿಕೆಯಲ್ಲಿ, ಒಲೆಯ ಒಳಗೋಡೆಯ ಇಟ್ಟಿಗೆಯ ಅಂಚಿನವರೆಗೂ ಹೊಸ ಕಲ್ಲಿದ್ದಲು. ಜಿಪುಣತನ ಮಾಡಿ ತೆಳುವಾಗಿ ಹಾಕಿದರೆ ಉರಿಯುವುದಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಕೆಂಡ ಕಾಣುವ ಹಾಗೆ ಬಿಡಬೇಕು. ಹೊಸ ಕಲ್ಲಿದ್ದಲಿನಿಂದ ಏಳುವ ಅನಿಲ ಆ ಕೆಂಡಕ್ಕೆ ತಾಗಿ ನೀಲಿಯಾಗಿ ಕುಣಿಯುತ್ತದೆ. ಇಲ್ಲಿನ ಹಳಬರು ಆ ಜ್ವಾಲೆಗಳನ್ನು ನೀಲಿ ಹೆಂಗಸರು ಅನ್ನುತ್ತಾರೆ.

ಆ ಮೂಲೆ ಬಿಡದಿದ್ದರೆ ಏನಾಗುತ್ತದೆ ಅಂತಲೂ ನೋಡಿಯಾಯಿತು. ಒಂದು ರಾತ್ರಿ ಅವಸರದಲ್ಲಿ ಪೂರಾ ಮುಚ್ಚಿ ಮೇಲೆ ಬಂದೆ. ಹತ್ತು ನಿಮಿಷಕ್ಕೆ ಕೆಳಗಿನಿಂದ "ಧಡ್!" ಒಳಗೆ ತುಂಬಿಕೊಂಡ ಅನಿಲ ಒಂದೇ ಸಲಕ್ಕೆ ಹೊತ್ತಿ, ಒಲೆಯ ಬಾಗಿಲು ಅದುರಿ, ಚಿಮಣಿ ಪೈಪಿನಿಂದ ಬೂದಿ ಉದುರಿತ್ತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದಿತ್ತು, ಮರುದಿನ ಇನ್ನೆರಡು ತಂದೆ. ಆ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಲಾರಂ ಇಲ್ಲದೆ ಕಲ್ಲಿದ್ದಲು ಒಲೆ ಹೊತ್ತಿಸುವವರಿಗೆ ನನ್ನ ಹತ್ತಿರ ಬೇರೆ ಯಾವ ಸಲಹೆಯೂ ಇಲ್ಲ.

ಆದರೆ ಆ ಬಿಸಿ ಇದೆಯಲ್ಲ, ಅದರ ಜಾತಿಯೇ ಬೇರೆ. ನವೆಂಬರ್ ನಡುವೆ ಹೊತ್ತಿಸಿದ್ದು ಮಾರ್ಚ್ ಕೊನೆಯವರೆಗೆ ಎರಡೇ ಸಲ ಆರಿತು. ಹಗಲು ರಾತ್ರಿ ಒಂದೇ ಸಮ. ಹೊರಗೆ ಮೈನಸ್ 18 ಡಿಗ್ರಿ ಇದ್ದ ಬೆಳಗ್ಗೆ ನಾನು ಬರಿಗಾಲಲ್ಲಿ ಕಾಫಿ ಮಾಡಿದ್ದೇನೆ. ಹಿಟ್ಟಿನ ಪಾತ್ರೆಯನ್ನು ನೆಲದ ಜಾಲರಿಯಿಂದ ಮೂರಡಿ ದೂರ ಇಟ್ಟರೆ ಬೆಳಗ್ಗೆ ಮುಚ್ಚಳ ಎತ್ತಿಕೊಂಡು ಬಂದಿರುತ್ತಿತ್ತು. ಗುಜರಿ ಮಾತು ನಿಂತದ್ದು ಆವತ್ತಿಗೆ.

ದುಡ್ಡಿನ ಲೆಕ್ಕ ಹೀಗಿದೆ. ಕಾಗದದ ಮೇಲೆ ಒಂದು ಟನ್ ಆಂಥ್ರಸೈಟ್‌ನ ಶಾಖ ಸುಮಾರು 180 ಗ್ಯಾಲನ್ ಎಣ್ಣೆಗೆ ಸಮ. ಅದನ್ನು ನೋಡಿದರೆ ಖರ್ಚು ಅರ್ಧಕ್ಕಿಳಿಯಬೇಕು. ಇಳಿಯಲಿಲ್ಲ. ನನ್ನ ಮುದಿ ಒಲೆ ಶಾಖದ ಒಂದಷ್ಟನ್ನು ಚಿಮಣಿಗೆ ಬಿಡುತ್ತದೆ, ಎಣ್ಣೆ ಒಲೆ ಅಷ್ಟು ಬಿಡುವುದಿಲ್ಲ. ನಾಲ್ಕು ಟನ್ ಕಲ್ಲಿದ್ದಲು, ಅದರ ಮೇಲೆ 150 ಗ್ಯಾಲನ್ ಎಣ್ಣೆ ಹೋಯಿತು. ಉಳಿದದ್ದು 800 ಡಾಲರ್‌ಗೆ ಸ್ವಲ್ಪ ಕಮ್ಮಿ. ಎಣ್ಣೆ ಯಾಕೆ ಬೇಕಾಯಿತು ಅಂದರೆ, ಅಕ್ಟೋಬರ್, ಏಪ್ರಿಲ್ ತಿಂಗಳಲ್ಲಿ ಹೊರಗೆ ಹವೆ ಬೆಚ್ಚಗಿದ್ದಾಗ ಚಿಮಣಿ ಸರಿಯಾಗಿ ಎಳೆಯುವುದಿಲ್ಲ. ಬೆಂಕಿ ಮುನಿಸಿಕೊಂಡು ಕೂರುತ್ತದೆ. ಆ ದಿನಗಳಿಗೆ ಎಣ್ಣೆಯೇ ಸರಿ. ನಡುವಿನ ದಿನಗಳಿಗೆ ನಟ್ ಮೇಲೆ ಸಣ್ಣ ಪೀ ಕಲ್ಲಿದ್ದಲು ಹಾಕಿ ನೋಡಿದೆ. ಸಂದಿ ಕಮ್ಮಿಯಾಗಿ ನಿಧಾನ ಉರಿಯುತ್ತದೆ, ಇದು ಕೆಲಸ ಮಾಡಿತು.

ಬೂದಿ ಮಾತ್ರ ದೊಡ್ಡ ಕಾಟ. ದಿನಕ್ಕೊಂದು ಬಕೆಟ್. ತಗಡಿನದೇ ಆಗಬೇಕು, ಮುಚ್ಚಳ ಬೇಕು, ಮನೆಯ ಹೊರಗಿಡಬೇಕು. ಬೂದಿ ಮುಚ್ಚಿದ ಕೆಂಡ ಅನ್ನುವುದು ಇಲ್ಲಿ ಬರೀ ಮಾತಲ್ಲ, ಮರುದಿನವೂ ಒಳಗೆ ಕೆಂಪಗಿರುತ್ತದೆ. ಊರಲ್ಲಿ ಸೌದೆ ಬೂದಿಯನ್ನು ತರಕಾರಿ ಬುಡಕ್ಕೆ ಹಾಕುತ್ತಿದ್ದೆವು. ಇದನ್ನು ಹಾಗೆ ಹಾಕುವಂತಿಲ್ಲ. ಹಿಮ ಗಟ್ಟಿಯಾದಾಗ ಕಾರು ಜಾರದ ಹಾಗೆ ಅಂಗಳಕ್ಕೆ ಎರಚುತ್ತೇವೆ. ಆ ಬೂದಿ ಶೂಗೆ ಅಂಟಿಕೊಂಡು ಒಳಗೆ ಬರುತ್ತದೆ. ಕಾರ್ಪೆಟ್ ವಿಷಯದಲ್ಲಿ ಎಣ್ಣೆಗೇ ನೂರಕ್ಕೆ ನೂರು. ಚಳಿಗಾಲ ಮುಗಿದ ಮೇಲೂ ಬಿಡುಗಡೆ ಇಲ್ಲ. ಚಿಮಣಿ ಪೈಪ್ ಬಿಚ್ಚಿ ಒಳಗಿನ ಬೂದಿ ತೆಗೆಯದಿದ್ದರೆ ಬೇಸಿಗೆಯ ತೇವಕ್ಕೆ ಅದರ ಗಂಧಕ ಆಮ್ಲವಾಗಿ ತಗಡು ತಿನ್ನುತ್ತದೆ.

ಬೂದಿ ಹೊತ್ತು ಸಾಕಾಗಿ ಮೂರನೇ ವರ್ಷ ಸೆಕೆಂಡ್‌ಹ್ಯಾಂಡ್ ಸ್ಟೋಕರ್, ಅಂದರೆ ಕಲ್ಲಿದ್ದಲನ್ನು ತಾನೇ ತುಂಬಿಕೊಳ್ಳುವ ಒಲೆ, ತಂದೆ. ದೊಡ್ಡ ಒಲೆಯನ್ನು ಚಿಮಣಿಯಿಂದ ಬಿಚ್ಚಿ ಇದನ್ನು ಅಲ್ಲಿಗೆ ಸೇರಿಸಿದೆ. ಪೆಟ್ಟಿಗೆಗೆ ರೈಸ್ ಕಲ್ಲಿದ್ದಲು ಸುರಿದರೆ ಮೋಟರ್ ತಾನೇ ಸ್ವಲ್ಪ ಸ್ವಲ್ಪ ದೂಡುತ್ತದೆ, ಬೂದಿ ತಾನೇ ಅಂಚಿನಿಂದ ಬೀಳುತ್ತದೆ. ಥರ್ಮೋಸ್ಟಾಟ್ ಇದೆ. ಅಲುಗಾಡಿಸುವುದಿಲ್ಲ, ಕಾಯುವುದಿಲ್ಲ. ಮೂರೂವರೆ ಟನ್ನಿನಲ್ಲಿ ಚಳಿಗಾಲ ಮುಗಿಯಿತು. ಅಕ್ಟೋಬರ್‌ನಲ್ಲೂ ಸಣ್ಣಗೆ ಉರಿಯಿತು. ಬೂದಿ ಹೊರುವುದು ಮಾತ್ರ ಅದೇ.

ನ್ಯಾಯವಾಗಿ ನೋಡಿದರೆ ಸ್ಟೋಕರ್ ಗೆಲ್ಲಬೇಕು. ಗೆಲ್ಲದಿದ್ದಕ್ಕೆ ಒಂದೇ ರಾತ್ರಿ ಕಾರಣ. ಫೆಬ್ರವರಿಯಲ್ಲಿ ಮಂಜುಗಡ್ಡೆ ಮಳೆ ಬಂದು ಕರೆಂಟ್ ಹೋಯಿತು. ಸ್ಟೋಕರ್ ಮೋಟರ್ ನಿಂತಿತು, ಒಂದೆರಡು ಗಂಟೆಯಲ್ಲಿ ಬೆಂಕಿ ಆರಿತು. ಎಣ್ಣೆ ಒಲೆಗೂ ಕರೆಂಟ್ ಬೇಕು. ಹತ್ತಡಿ ದೂರದಲ್ಲಿ, ಕರೆಂಟಿನ ಹಂಗೇ ಇಲ್ಲದ ನನ್ನ ಆನೆಮರಿ, ಚಿಮಣಿಯಿಂದ ಬಿಚ್ಚಿಕೊಂಡು ತಣ್ಣಗೆ ಕೂತಿತ್ತು. ಹದಿನಾರು ಗಂಟೆ ಇಬ್ಬರೂ ಮಗಳನ್ನು ನಡುವೆ ಮಲಗಿಸಿಕೊಂಡು, ಊರಿಂದ ತಂದ ಕಂಬಳಿ ಹೊದ್ದು ಕಳೆದೆವು. ಜನರೇಟರ್ ಇರುವ ಮನೆಯಾಗಿದ್ದರೆ ನಾನು ಸ್ಟೋಕರ್‌ನ್ನೇ ಇಟ್ಟುಕೊಳ್ಳುತ್ತಿದ್ದೆ. ನಮ್ಮಲ್ಲಿ ಇಲ್ಲ. ಏಪ್ರಿಲ್‌ನಲ್ಲಿ ಸ್ಟೋಕರ್ ಮಾರಿ, ಆನೆಮರಿಯನ್ನೇ ಮತ್ತೆ ಚಿಮಣಿಗೆ ಸೇರಿಸಿದೆ.

ಕೈಯಿಂದ ತುಂಬುವ ಈ ಒಲೆಗೆ ತೆರಬೇಕಾದ ನಿಜವಾದ ಬೆಲೆ ಡಾಲರ್ ಅಲ್ಲ, ಮನೆ ಬಿಡುವಂತಿಲ್ಲ ಅನ್ನುವುದು. ಹನ್ನೆರಡು ಗಂಟೆಗೊಮ್ಮೆ ಯಾರಾದರೂ ಇರಲೇಬೇಕು, ಹಸು ಕಟ್ಟಿದ ಮನೆಯ ಹಾಗೆ. ಈ ಡಿಸೆಂಬರ್‌ನಲ್ಲಿ ಶಿರಸಿಯಲ್ಲಿ ಅಕ್ಕನ ಮಗಳ ಮದುವೆ. ಮೂರು ವಾರ ನಾವಿಲ್ಲ. "ಬೀಗದ ಕೈ ಕೊಟ್ಟು ಹೋಗಿ, ನಾನು ನೋಡಿಕೊಳ್ಳುತ್ತೇನೆ," ಅಂದರು ಅಜ್ಜ. ಎಂಬತ್ತು ದಾಟಿದವರನ್ನು ದಿನಕ್ಕೆರಡು ಸಲ ಆ ಮೆಟ್ಟಿಲು ಇಳಿಸುವುದು ಬೇಡ ಅಂತ ಎಣ್ಣೆ ಟ್ಯಾಂಕ್ ತುಂಬಿಸಿದ್ದೇನೆ. ನಾಲ್ಕು ಟನ್ ನಟ್ ಕೂಡ ಬಂದು ಬಿದ್ದಿದೆ. ಜನವರಿ ಎರಡನೇ ವಾರ ಮತ್ತೆ ಹೊತ್ತಿಸಬೇಕು.