ಅಗಲದ ಹ್ಯಾಂಡಲ್‌ಬಾರ್, ಗಿಡ್ಡ ಸ್ಟೆಮ್: ವರ್ಷ ಕಳೆದ ಮೇಲಿನ ಅಭಿಪ್ರಾಯ

800 ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಹ್ಯಾಂಡಲ್‌ಬಾರ್ ಮತ್ತು ಅದನ್ನು ಬೈಕಿನ ಮುಂಭಾಗಕ್ಕೆ ಹಿಡಿದಿಡುವ 40 ಮಿಲಿಮೀಟರ್ ಉದ್ದದ ಸ್ಟೆಮ್ ನನ್ನ ಮೌಂಟನ್ ಬೈಕಿಗೆ ಬಂದು ವರ್ಷ ಮೀರಿತು. ತೂಕ, ಬಣ್ಣ, ಲೋಹದ ದರ್ಜೆ ಎಲ್ಲವೂ ಡಬ್ಬಿಯ ಮೇಲೆಯೇ ಇರುವುದರಿಂದ ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಈ ಜೋಡಿ ನನಗೆ ಕೊಟ್ಟ ಕೈನೋವು, ಮತ್ತು ಆ ನೋವು ಇನ್ನೊಂದು ಸಾಮಾನು ಕೊಳ್ಳದೆ ಬರೀ ಹೊಂದಾಣಿಕೆಯಿಂದಲೇ ಹೋದ ಬಗೆ, ಇವೆರಡೇ ಇಲ್ಲಿ ಹೇಳಬೇಕಾದದ್ದು.

ಮೊದಲು ದೂರು. ಈ ಬಾರ್‌ನ ನಡುಭಾಗದ ವ್ಯಾಸ 35 ಮಿ.ಮೀ. ನನ್ನ ಹಳೆಯ ಸ್ಟೆಮ್ 31.8 ಮಿ.ಮೀ. ಬಾರ್‌ಗೆಂದು ಮಾಡಿದ್ದಾದ್ದರಿಂದ ಇದು ಅದರೊಳಗೆ ಕೂರುವ ಮಾತೇ ಇರಲಿಲ್ಲ. ಬಾರ್‌ಗೆಂದು ಎತ್ತಿಟ್ಟ ಹಣದ ಜೊತೆಗೆ ಸ್ಟೆಮ್‌ನ ಖರ್ಚೂ ತಲೆಯ ಮೇಲೆ ಬಿತ್ತು. ಅಷ್ಟು ಕೊಟ್ಟ ಮೇಲೂ ಮೊದಲ ಕೆಲವು ವಾರಗಳಲ್ಲಿ ಸುಖ ಕಾಣಲಿಲ್ಲ. ಬಾರ್ ತುಂಬ ಗಡುಸಾಗಿತ್ತು. ಕಲ್ಲು, ಬೇರುಗಳ ಇಳಿಜಾರಿನಲ್ಲಿ ಅದುರಾಟವೆಲ್ಲ ನೇರವಾಗಿ ಅಂಗೈಗೆ ಬಂದು, ಇಳಿಜಾರು ಮುಗಿಯುವಷ್ಟರಲ್ಲಿ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುತ್ತಿದ್ದವು.

ಮಾರಿಬಿಡೋಣವೆಂದು ಯೋಚಿಸುವ ಮೊದಲು ಅಗಲವನ್ನು ಪರೀಕ್ಷಿಸಿದೆ. ಬಾರ್ ಕತ್ತರಿಸುವುದಕ್ಕೆ ಅವಸರ ಬೇಡ. ಬೋಲ್ಟ್ ಬಿಗಿಯುವ ಗ್ರಿಪ್‌ಗಳಿದ್ದರೆ ಅವುಗಳನ್ನು ಸಡಿಲಿಸಿ, ಬ್ರೇಕ್ ಲಿವರ್‌ಗಳೊಂದಿಗೆ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಒಳಗೆ ಸರಿಸಿ, ಪರಿಚಯದ ದಾರಿಯಲ್ಲಿ ನಿಧಾನವಾಗಿ ಓಡಿಸಿ ನೋಡಬಹುದು. ನನ್ನ ಭುಜಗಳು ಅಗಲವಲ್ಲ. 760ಕ್ಕೆ ಬಂದಾಗ ಮೊಣಕೈಗಳು ತಾವಾಗಿ ಮಡಿಸಿಕೊಂಡವು, ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುವುದು ನಿಂತಿತು. ಆಮೇಲಷ್ಟೇ ತುದಿಗಳಲ್ಲಿ ಮುದ್ರಿಸಿದ್ದ ಗೆರೆಗಳನ್ನು ಹಿಡಿದು ಎರಡೂ ಬದಿಯಲ್ಲಿ 20 ಮಿ.ಮೀ. ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿದೆ. ಅಗಲ ಭುಜದವರು 800ನ್ನೇ ಉಳಿಸಿಕೊಳ್ಳುವುದು ಲೇಸು, ಏಕೆಂದರೆ ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು.

ನಿಜವಾದ ಬದಲಾವಣೆ ಬಂದದ್ದು ಬಾರ್ ತಿರುಗಿಸಿದಾಗ. ಸ್ಟೆಮ್‌ನ ಮುಂದಿನ ತಟ್ಟೆಯ ನಾಲ್ಕು ಬೋಲ್ಟ್‌ಗಳನ್ನು ಅರ್ಧ ಸುತ್ತಿನಷ್ಟು ಸಡಿಲಿಸಿದರೆ ಬಾರ್ ಕೈಯ ಒತ್ತಡಕ್ಕೆ ನಿಧಾನವಾಗಿ ಉರುಳುತ್ತದೆ. ನಡುವೆ ಸಣ್ಣ ಗೆರೆಗಳಿವೆ. ಒಂದು ಗೆರೆ ಹಿಂದಕ್ಕೆ ಉರುಳಿಸಿದ್ದಷ್ಟೇ, ಗ್ರಿಪ್‌ನ ಹೊರ ಅಂಚು ಅಂಗೈಯ ಕಿರುಬೆರಳಿನ ಬದಿಯನ್ನು ಒತ್ತುವುದು ನಿಂತುಹೋಯಿತು. ಗ್ರಿಪ್‌ಗಳು ಹಿಂದಕ್ಕೂ ತುಸು ಮೇಲಕ್ಕೂ ಬಾಗಿರುವುದರಿಂದ ಇಷ್ಟು ಅಲ್ಪ ತಿರುವು ಅಂಗೈಯ ಮೇಲೆ ಭಾರ ಬೀಳುವ ಜಾಗವನ್ನೇ ಬದಲಿಸಿಬಿಡುತ್ತದೆ. ಬಾರ್ ತಿರುಗಿದೊಡನೆ ಬ್ರೇಕ್ ಲಿವರ್‌ಗಳೂ ಅದರ ಜೊತೆಗೆ ತಿರುಗುವುದರಿಂದ, ಸೀಟಿನಿಂದ ಎದ್ದು ಪೆಡಲ್ ಮೇಲೆ ನಿಂತ ಭಂಗಿಯಲ್ಲಿ ಮುಂಗೈ ಮತ್ತು ಬೆರಳು ಒಂದೇ ನೇರದಲ್ಲಿ ಬರುವಂತೆ ಅವುಗಳನ್ನು ಹೊಸದಾಗಿ ಕೂರಿಸಬೇಕು. ತೋರುಬೆರಳೊಂದೇ ಲಿವರ್‌ನ ಕೊನೆಯ ಕೊಕ್ಕೆಯಲ್ಲಿ ಕೂತರೆ ಸಾಕು, ಉಳಿದ ಮೂರು ಬೆರಳು ಗ್ರಿಪ್ ಹಿಡಿದಿರುತ್ತವೆ. ಅಂದಿನಿಂದ ಜೋಮು ಮರುಕಳಿಸಿಲ್ಲ.

ಸ್ಟೆಮ್ ಬಗ್ಗೆ ನನ್ನ ಮನಸ್ಸು ಮೆತ್ತಗಾದದ್ದೂ ಈ ಕೆಲಸದ ನಡುವೆಯೇ. ಇದರ ತಟ್ಟೆಯ ಮೇಲಿನ ಅಂಚಿನಲ್ಲಿ ಸಂದು ಉಳಿಯಬಾರದು: ಮೇಲಿನ ಎರಡು ಬೋಲ್ಟ್‌ಗಳನ್ನು ಲೋಹ ಲೋಹಕ್ಕೆ ತಾಗುವಂತೆ ಮೊದಲು ಬಿಗಿದು, ಬಳಿಕ ಕೆಳಗಿನವನ್ನು 5 ನ್ಯೂಟನ್ ಮೀಟರ್ ಬಿಗಿತಕ್ಕೆ ತರಬೇಕು. ಎಲ್ಲ ಸ್ಟೆಮ್‌ಗಳೂ ಹೀಗಲ್ಲ, ಹಲವಕ್ಕೆ ಮೇಲೂ ಕೆಳಗೂ ಸಮನಾದ ಸಂದು ಬೇಕು. ಆದ್ದರಿಂದ ತಯಾರಕರ ಸೂಚನೆಯನ್ನು ಓದದೆ ಕೈಹಾಕಬಾರದು. ಬೇಕಾದಷ್ಟು ಬಿಗಿಯಾದೊಡನೆ ಸದ್ದು ಮಾಡುವ ಸಣ್ಣ ಟಾರ್ಕ್ ರೆಂಚ್ ಹಿಡಿದು ಒಂದೊಂದೇ ಬೋಲ್ಟ್ ಮುಟ್ಟುತ್ತ, ಅಂಗೈಯಲ್ಲಿ 'ಟಕ್' ಎಂಬ ಆ ಸದ್ದಿಗೆ ಕಾಯುವುದು ಈಗ ವಾರದ ಕೊನೆಯ ನನ್ನ ಅತ್ಯಂತ ಪ್ರಿಯವಾದ ಕೆಲಸ. ನನ್ನ ಇತಿಮಿತಿಯಲ್ಲಿ ಕಾರ್ಬನ್ ಬಾರ್‌ಗೆ ಹೋಗುವುದಕ್ಕಿಂತ ಈ ರೆಂಚ್ ಕೊಂಡದ್ದೇ ಮೇಲಾಯಿತು.

ಎತ್ತರ ಹೊಂದಿಸುವಾಗ ನೆನಪಿಡಬೇಕಾದ ಮಾತೊಂದಿದೆ. ಹೆಡ್ ಟ್ಯೂಬ್ (ಚೌಕಟ್ಟಿನ ಮುಂದಿನ ಕೊಳವೆ) ನೆಲಕ್ಕೆ 65 ಡಿಗ್ರಿಯಲ್ಲಿ ವಾಲಿರುವ ಬೈಕಿನಲ್ಲಿ 10 ಮಿ.ಮೀ. ದಪ್ಪದ ಉಂಗುರವನ್ನು, ಅಂದರೆ ಸ್ಪೇಸರನ್ನು, ಸ್ಟೆಮ್ ಕೆಳಗಿನಿಂದ ತೆಗೆದು ಮೇಲಿಟ್ಟರೆ ಬಾರ್ ಸುಮಾರು 9 ಮಿ.ಮೀ. ತಗ್ಗುವುದಲ್ಲದೆ 4 ಮಿ.ಮೀ. ಮುಂದಕ್ಕೂ ಹೋಗುತ್ತದೆ. ಮರುಜೋಡಣೆಯಲ್ಲಿ ಸ್ಟೆಮ್ ಮೇಲಿನ ಮುಚ್ಚಳದ (ಟಾಪ್ ಕ್ಯಾಪ್) ಬೋಲ್ಟನ್ನು ಹೆಡ್ ಟ್ಯೂಬಿನ ಬೇರಿಂಗ್‌ಗಳ, ಅಂದರೆ ಹೆಡ್‌ಸೆಟ್‌ನ, ಅಲುಗಾಟ ನಿಲ್ಲುವಷ್ಟೇ ಬಿಗಿದು, ಸ್ಟೆಮ್ ಚಕ್ರದ ನೇರಕ್ಕಿದೆಯೇ ಎಂದು ನೋಡಿ, ಪಕ್ಕದ ಬೋಲ್ಟ್‌ಗಳನ್ನು ಕೊನೆಗೆ ಬಿಗಿಯಬೇಕು. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿದರೆ ಅಲುಗಾಟ ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ.

ಇನ್ನೂ ಉಳಿದಿರುವ ಅಸಮಾಧಾನ ಒಂದೇ: ಬಾರ್ ನಡುವಿನ ಗೆರೆಗಳು ಬರೀ ಬಣ್ಣದವು. ಸ್ಟೆಮ್ ಕಚ್ಚುವ ಜಾಗದಲ್ಲಿ ಅವು ಈಗಾಗಲೇ ಅರ್ಧ ಅಳಿಸಿವೆ. ತಿರುವಿನ ಮೇಲೆಯೇ ಇಷ್ಟೆಲ್ಲ ನಿಂತಿರುವಾಗ ತಯಾರಕರು ಅವನ್ನು ಲೋಹದಲ್ಲೇ ಕೊರೆಯಬೇಕಿತ್ತು. ಸದ್ಯಕ್ಕೆ ಬಾರ್‌ನ ಮೇಲೊಂದು, ಸ್ಟೆಮ್‌ನ ಮೇಲೊಂದು ಟೇಪಿನ ತುಂಡು ಅಂಟಿಸಿ, ಎರಡಕ್ಕೂ ಅಡ್ಡಲಾಗಿ ಪೆನ್ನಿನಿಂದ ಒಂದು ಗೆರೆ ಎಳೆದ ಮೇಲೆಯೇ ಬೋಲ್ಟ್ ಸಡಿಲಿಸುತ್ತೇನೆ.