ಟ್ರಾವೆಲರ್: ಹೆಸರು ಒಂದೇ, ಲೆಕ್ಕ ಬೇರೆ ಬೇರೆ

ಬಾಹ್ಯಾಕಾಶದಲ್ಲಿ ನಡೆಯುವ, ದಾಳ ಎಸೆದು ಪಾತ್ರಗಳನ್ನು ಆಡಿಸುವ ಮೇಜಿನಾಟ ಟ್ರಾವೆಲರ್ 1977ರಲ್ಲಿ ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಬಂತು. ಆಮೇಲೆ 1981ರ ಪರಿಷ್ಕರಣೆ, 1987ರ ಮೆಗಾಟ್ರಾವೆಲರ್, 1993ರ ನ್ಯೂ ಎರಾ, 1996ರ ನಾಲ್ಕನೇ ಆವೃತ್ತಿ, 2008ರಿಂದ ಮಾಂಗೂಸ್ ಪ್ರಕಾಶನದ ಆವೃತ್ತಿಗಳು, 2013ರ ಟ್ರಾವೆಲರ್5. ನ್ಯೂ ಎರಾ ಇಪ್ಪತ್ತು ಮುಖದ ದಾಳ ಹಿಡಿಯಿತು. ನಾಲ್ಕನೆಯದರಲ್ಲಿ ಎಸೆತ ಗುರಿಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಇವುಗಳಿಂದ ತೊಂದರೆ ಕಡಿಮೆ, ಪುಟ ತೆರೆದ ಕೂಡಲೇ ಬೇರೆ ಆಟವೆಂದು ತಿಳಿಯುತ್ತದೆ. ಎಡವಿಸುವುದು ಹಳೆಯದು (1977, 1981), ಮೆಗಾ ಮತ್ತು ಮಾಂಗೂಸ್. ಮೂರರಲ್ಲೂ ಆರು ಮುಖದ ಎರಡೇ ದಾಳ, ಬಹುಮಟ್ಟಿಗೆ ಅವೇ ಕೌಶಲಗಳು. ಒಂದು ಅಂಕಿಯ ತೂಕ ಮಾತ್ರ ಒಂದೊಂದರಲ್ಲಿ ಒಂದೊಂದು.

ವ್ಯಾಕ್ ಸೂಟ್, ಅಂದರೆ ಬಾಹ್ಯಾಕಾಶ ಉಡುಪಿನ ಕೌಶಲವನ್ನೇ ನೋಡಿ. ಹಳೆಯ ನಿಯಮದಲ್ಲಿ ಅಪಾಯ ತಪ್ಪಿಸಲು 10 ಅಥವಾ ಹೆಚ್ಚು ಬೀಳಬೇಕು, ಆದರೆ ಕೌಶಲದ ಪ್ರತಿ ಹಂತಕ್ಕೂ +4 ಸಿಗುತ್ತದೆ. ಹಂತ 2 ಇದ್ದವರು ಸೋಲುವುದೇ ಇಲ್ಲ: ಎರಡೂ ದಾಳದಲ್ಲಿ 1 ಬಿದ್ದರೂ ಮೊತ್ತ 10. ಅದೇ ಪಾತ್ರವನ್ನು ಮಾಂಗೂಸ್‌ಗೆ ತಂದರೆ ಗುರಿ 8, ಸಹಾಯ ಬರೀ +2. ಪಾತ್ರದ ಗುಣ (ಬಲ, ಚುರುಕುತನದಂಥ ಅಂಕಿ) ಸಾಧಾರಣವಾಗಿದ್ದರೆ ಗೆಲ್ಲುವ ಸಾಧ್ಯತೆ ಶೇಕಡಾ 72. ಹಳೆಯದರಲ್ಲಿ ಹಂತ 1ಕ್ಕೇ ಇಷ್ಟು ಸಿಗುತ್ತಿತ್ತು. ಹಂತ 0 ಇದ್ದವರಿಗೆ ಇದು ತಿರುಗುಮುರುಗು: ಹಳೆಯದರಲ್ಲಿ ಶೇಕಡಾ 17, ಮಾಂಗೂಸ್‌ನಲ್ಲಿ 42. ಹೀಗಾಗಿ ಹಳೆಯ ಸಾಹಸವನ್ನು ಹೊಸ ನಿಯಮದಲ್ಲಿ ಆಡಿಸುವಾಗ ಅಂಕಿಯನ್ನು ನಕಲು ಮಾಡಬೇಡಿ. 36 ಎಸೆತಗಳಲ್ಲಿ ಎಷ್ಟು ಗೆಲ್ಲುತ್ತವೆ ಎಂದು ಎಣಿಸಿ, ಅದಕ್ಕೆ ಹತ್ತಿರದ ಗುರಿ ಇಡಿ.

ಕಷ್ಟದ ಮಟ್ಟಗಳ ಹೆಸರುಗಳೂ ನಂಬಿಕೆಗೆ ಅರ್ಹವಲ್ಲ. 'ಡಿಫಿಕಲ್ಟ್' ಎಂದರೆ ಮೆಗಾದಲ್ಲಿ 11, ಮಾಂಗೂಸ್‌ನಲ್ಲಿ 10. ಮಾಂಗೂಸ್ ಸುಲಭ ಅನ್ನಿಸುತ್ತದೆ, ಆದರೆ ಮೆಗಾ ಗುಣವನ್ನು 5ರಿಂದ ಭಾಗಿಸಿ ಕೂಡಿಸುತ್ತದೆ. ಗುಣ 5 ಇದ್ದರೆ +1. ಮಾಂಗೂಸ್‌ನಲ್ಲಿ ಅದೇ 5ಕ್ಕೆ −1. ಕೌಶಲ 1 ಇರುವ ಇಂಥ ಪಾತ್ರ ಮೆಗಾದಲ್ಲಿ ಶೇಕಡಾ 28 ಗೆಲ್ಲುತ್ತದೆ, ಮಾಂಗೂಸ್‌ನಲ್ಲಿ 17.

ಎಲ್ಲಕ್ಕಿಂತ ದೊಡ್ಡ ಬಿರುಕು ಇರುವುದು ಎರಡು ಆವೃತ್ತಿಗಳ ನಡುವೆ ಅಲ್ಲ, ಹಳೆಯ ಆವೃತ್ತಿಯ ಒಳಗೇ. ಹಡಗು ಕಟ್ಟಲು ಪುಸ್ತಕ 2 ಇದೆ, ಪುಸ್ತಕ 5 ಆದ ಹೈ ಗಾರ್ಡ್ ಕೂಡ ಇದೆ. ಜಂಪ್, ಅಂದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುವ ಇಂಧನ ಎರಡರಲ್ಲೂ ಒಂದೇ: ಜಂಪ್ ಸಂಖ್ಯೆಯ ಪ್ರತಿ ಒಂದಕ್ಕೆ ಹಡಗಿನ ಶೇಕಡಾ 10. ಪವರ್ ಪ್ಲಾಂಟ್ ಇಂಧನ ಮಾತ್ರ ಪುಸ್ತಕ 2ರಲ್ಲಿ ಪ್ಲಾಂಟ್ ಸಂಖ್ಯೆಯ ಹತ್ತು ಪಟ್ಟು ಟನ್, ಹಡಗು ಎಷ್ಟೇ ದೊಡ್ಡದಿರಲಿ. ಹೈ ಗಾರ್ಡ್‌ನಲ್ಲಿ ಪ್ಲಾಂಟ್ ಸಂಖ್ಯೆಗೆ ಹಡಗಿನ ಶೇಕಡಾ 1. ಪ್ಲಾಂಟ್ ಸಂಖ್ಯೆ 2 ಇರುವ 100 ಟನ್‌ನ ಸ್ಕೌಟ್ ಹಡಗಿಗೆ ಮೊದಲ ಲೆಕ್ಕದಲ್ಲಿ 20 ಟನ್, ಎರಡನೆಯದರಲ್ಲಿ 2. ಸರಿಯಾಗಿ 1,000 ಟನ್‌ನಲ್ಲಿ ಎರಡೂ ಸಮ. ಅಲ್ಲಿಂದ ಮೇಲೆ ಹೈ ಗಾರ್ಡ್ ದುಬಾರಿ.

ಇದು ಬರೀ ಕಾಗದದ ಮೇಲಿನ ವ್ಯತ್ಯಾಸವಲ್ಲ. 200 ಟನ್‌ನ ಸರಕು ಹಡಗು ಫ್ರೀ ಟ್ರೇಡರ್‌ಗೆ ಈ ಒಂದು ನಿಯಮ ಬದಲಿಸಿದರೆ 8 ಟನ್ ಮಿಕ್ಕುತ್ತದೆ, ಸರಕಿನ ಜಾಗ 82ರಿಂದ 90 ಟನ್‌ಗೆ ಏರುತ್ತದೆ. ಟನ್‌ಗೆ 1,000 ಕ್ರೆಡಿಟ್ ಬಾಡಿಗೆ, ತಿಂಗಳಿಗೆ ಎರಡು ಜಂಪ್ ಎಂದರೆ 16,000 ಕ್ರೆಡಿಟ್ ಹೆಚ್ಚು. ಹಡಗಿನ ಸಾಲದ ತಿಂಗಳ ಕಂತು 1,54,500. ಕಂತಿನ ಹತ್ತನೇ ಒಂದು ಭಾಗ ಪುಕ್ಕಟೆ ಸಿಕ್ಕಂತೆ! ಸಾಲದ ಒತ್ತಡವೇ ಈ ಆಟದ ಜೀವಾಳ, ಅದು ಇಲ್ಲಿ ಸಡಿಲವಾಗುತ್ತದೆ. ಆದ್ದರಿಂದ 1,000 ಟನ್‌ಗಿಂತ ಚಿಕ್ಕ ಹಡಗುಗಳಿಗೆ ಪುಸ್ತಕ 2, ಯುದ್ಧನೌಕೆಗಳಿಗೆ ಹೈ ಗಾರ್ಡ್ ಎಂದು ರೆಫ್ರಿ (ಆಟ ನಡೆಸುವವರು) ಮೊದಲೇ ಗೆರೆ ಎಳೆಯುವುದು ಒಳ್ಳೆಯದು. ಮೆಗಾದ ಹಡಗುಗಳನ್ನು ಇದರೊಳಗೆ ತರಲೇಬೇಡಿ. ಅಲ್ಲಿ ಜಂಪ್ ಇಂಧನ ತಿಳಿಯಲು ಜಂಪ್ ಸಂಖ್ಯೆಗೆ ಒಂದು ಕೂಡಿಸಿ ಶೇಕಡಾ 5ರಿಂದ ಗುಣಿಸುತ್ತಾರೆ. ಜಂಪ್-4ಕ್ಕೆ ಹಡಗಿನ ಶೇಕಡಾ 40ರ ಬದಲು 25 ಸಾಕು.

ಪಾತ್ರ ರಚನೆಯಲ್ಲೂ ಇದೇ ಪಾಡು. 1978ರ ಪುಸ್ತಕ 4 ಆಟಕ್ಕೆ ಮೊದಲು ಪಾತ್ರ ಮಾಡಿದ ಸೇವೆಯನ್ನು ವರ್ಷ ವರ್ಷಕ್ಕೆ ಲೆಕ್ಕ ಹಾಕುವುದರಿಂದ ಅದರ ಸೈನಿಕರು ಪುಸ್ತಕ 1ರವರಿಗಿಂತ ಎಷ್ಟೋ ಹೆಚ್ಚು ಕೌಶಲ ಹೊತ್ತು ಬರುತ್ತಾರೆ. ಒಂದೇ ಗುಂಪಿನಲ್ಲಿ ಇಬ್ಬರನ್ನೂ ಕೂರಿಸಿದರೆ ಪುಸ್ತಕ 1ರ ವ್ಯಾಪಾರಿ ಮೂಲೆ ಸೇರುತ್ತಾನೆ. ಸೇವೆಯಲ್ಲಿ ಬದುಕುಳಿಯುವ ಎಸೆತ ತಪ್ಪಿದರೆ 1977ರಲ್ಲಿ ಸಾವು. 1981ರಲ್ಲಿ ಗಾಯಗೊಂಡು ಅರ್ಧ ಅವಧಿಗೇ ಹೊರಬರುವ ಐಚ್ಛಿಕ ನಿಯಮ ಬಂತು. ಮಾಂಗೂಸ್‌ನಲ್ಲಿ ಅವಘಡಗಳ ಪಟ್ಟಿಯೇ ಇದೆ, ಅದು ಮೂರರಲ್ಲಿ ಉತ್ತಮ.

ಹೊಸಬರ ಗುಂಪಿಗೆ ಮಾಂಗೂಸ್‌ನ ಎರಡನೇ ಆವೃತ್ತಿಯ 2022ರ ಪರಿಷ್ಕೃತ ಪುಸ್ತಕವನ್ನೇ ಕೊಳ್ಳಿ ಎನ್ನುತ್ತೇವೆ. ಹಳೆಯ ಸಾಹಸಗಳಿಂದ ಲೋಕ, ಜನ, ನಕ್ಷೆ ಎಲ್ಲ ಧಾರಾಳವಾಗಿ ತನ್ನಿ. ಕವಚದ ಅಂಕಿಗಳನ್ನು ಮಾತ್ರ ಅಲ್ಲೇ ಬಿಡಿ: ಹಳೆಯದರಲ್ಲಿ ಕವಚ ಏಟು ತಗಲುವ ಎಸೆತವನ್ನೇ ಬದಲಿಸುತ್ತದೆ, ಮಾಂಗೂಸ್‌ನಲ್ಲಿ ತಗಲಿದ ಏಟಿನಿಂದ ಕಳೆಯುತ್ತದೆ.