ಬೀಗ ಹಾಕಿದ ಇ-ಪುಸ್ತಕ: ಹಲವು ವರ್ಷ ಬಳಸಿದ ಮೇಲೆ

ಓದುವ ಸಾಧನದ ಬಗ್ಗೆ ನನಗೆ ದೂರಿಲ್ಲ. ಕಣ್ಣಿಗೆ ಹಿತವಾದ ಪರದೆ, ವಾರಗಟ್ಟಲೆ ಬರುವ ಬ್ಯಾಟರಿ. ಅದಕ್ಕೆ 5ಕ್ಕೆ 5. ತಕರಾರಿರುವುದು ಅದರ ಬೆನ್ನಿಗಿರುವ ಪುಸ್ತಕದಂಗಡಿಯ ಬಗ್ಗೆ, ಅಲ್ಲಿ ಕೊಂಡ ಪುಸ್ತಕಗಳಿಗೆ ನಕಲು ತಡೆಯಲೆಂದು ಬೀಳುವ ಡಿಆರ್‌ಎಂ ಎಂಬ ತಾಂತ್ರಿಕ ಬೀಗದ ಬಗ್ಗೆ. ಅದಕ್ಕೆ 2.

ಅಕ್ಕನಿಗೆ ಒಂದು ಕಾದಂಬರಿ ಓದಲು ಕೊಡಬೇಕೆಂದರೆ ಸಾಧನವನ್ನೇ ಕೊಟ್ಟು ಕೂರಬೇಕು. ಬೇರೆ ಕಂಪನಿಯ ಸಾಧನ ತಂದರೆ ಹಳೆಯ ಪುಸ್ತಕಗಳು ಅದರಲ್ಲಿ ತೆರೆಯುವುದಿಲ್ಲ. ಕನ್ನಡ ಓದುಗರಿಗಂತೂ ಇನ್ನೊಂದು ಕಿರಿಕಿರಿ: ಫಾಂಟ್ ಕೆಟ್ಟು ಒತ್ತಕ್ಷರ ಪಕ್ಕಕ್ಕೆ ಜಾರಿದರೆ, ಬೀಗವಿಲ್ಲದ ಇಪಬ್ ಎಂಬ ಇ-ಪುಸ್ತಕ ಕಡತವನ್ನು ಬೇರೆ ಆ್ಯಪ್‌ನಲ್ಲಿ ತೆರೆಯಬಹುದು, ಇ-ಪುಸ್ತಕಗಳನ್ನು ತಿದ್ದಿ ಜೋಡಿಸಿಡುವ ಕ್ಯಾಲಿಬರ್ ತಂತ್ರಾಂಶದಲ್ಲಿ ಫಾಂಟ್ ಬದಲಿಸಿಕೊಳ್ಳಬಹುದು. ಬೀಗವಿದ್ದರೆ ಕಂಡ ಹಾಗೆ ಓದಿಕೊಳ್ಳಬೇಕು. ಬೀಗ ಮುರಿಯೋಣವೆಂದರೆ, 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧವೆನ್ನುವ 65ಎ ಕಲಮು ಸೇರಿದೆ. ದುಡ್ಡು ಕೊಟ್ಟು ಕೊಂಡ ಕಾದಂಬರಿ ಓದಲು ಮೊದಲು ಕಾಯ್ದೆ ಓದಬೇಕು!

ಅಂಗಡಿಯೇ ಮುಚ್ಚಿದರೆ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಗ್ರಾಹಕರು ಕೊಂಡಿದ್ದ ಪುಸ್ತಕಗಳೂ ಹೋದವು. ಹಣ ಮರಳಿಸಿದರು, ನಿಜ; ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟರು. ಪ್ರತಿಯನ್ನು ನಮ್ಮ ಬಳಿಯೇ ಇಟ್ಟುಕೊಳ್ಳೋಣವೆಂದರೆ, ತನ್ನ ಕಿಂಡಲ್ ಸಾಧನದ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು 2025ರ ಫೆಬ್ರವರಿಯಲ್ಲಿ ಅಮೆಜಾನ್ ನಿಲ್ಲಿಸಿತು.

ಇದೆಲ್ಲದರಿಂದ ನನ್ನ ಕೊಳ್ಳುವ ರೀತಿಯೇ ಬದಲಾಗಿದೆ. ಒಮ್ಮೆ ಓದಿ ಮರೆಯುವ ಪತ್ತೇದಾರಿ ಕಾದಂಬರಿ ನೂರು ರೂಪಾಯಿಯೊಳಗೆ ಸಿಕ್ಕರೆ ಬೀಗವಿದ್ದರೂ ಕೊಳ್ಳುತ್ತೇನೆ. ಅದು ನನ್ನ ಲೆಕ್ಕದಲ್ಲಿ ಬಾಡಿಗೆ. ಮತ್ತೆ ಮತ್ತೆ ತೆರೆಯುವ ಪುಸ್ತಕ, ನಿಘಂಟು, ಕವನ ಸಂಕಲನಗಳನ್ನು ಮುದ್ರಿತ ಪ್ರತಿಯಲ್ಲೇ ತರಿಸುತ್ತೇನೆ. ಬೀಗದ ಪ್ರತಿಗೆ ಮುದ್ರಿತ ಪುಸ್ತಕದಷ್ಟೇ ಬೆಲೆ ಇಟ್ಟಿದ್ದರೆ ಪುಟ ಮುಚ್ಚುತ್ತೇನೆ.

ಪ್ರಕಾಶಕರ ಭಯ ಸುಳ್ಳೆಂದು ಹೇಳಲಾರೆ. ಸಾವಿರ ಪ್ರತಿ ಅಚ್ಚು ಹಾಕುವವರಿಗೆ ಒಂದು ಕಳ್ಳ ಪಿಡಿಎಫ್ ಕೂಡ ಹೊಡೆತವೇ. ಆದರೆ ವಾಟ್ಸ್ಆ್ಯಪ್‌ನಲ್ಲಿ ನನಗೆ ಬಂದ ಅಂಥ ಪಿಡಿಎಫ್‌ಗಳೆಲ್ಲ ಮುದ್ರಿತ ಪುಟಗಳನ್ನೇ ಸ್ಕ್ಯಾನ್ ಮಾಡಿದವು. ಇ-ಪುಸ್ತಕದ ಬೀಗ ಅವನ್ನು ಹೇಗೆ ತಡೆದೀತು? ವೈಜ್ಞಾನಿಕ ಕಾದಂಬರಿಗಳ ಪ್ರಕಾಶಕರಾದ ಟಾರ್ 2012ರಲ್ಲಿ ಬೀಗ ತೆಗೆದರು. ಸುಮಾರು ಒಂದು ವರ್ಷದ ನಂತರ, ಕಳ್ಳಪ್ರತಿಗಳು ಹೆಚ್ಚಿದ ಸುಳಿವಿಲ್ಲ ಎಂದು ಅವರೇ ಹೇಳಿದರು. ಅಮೆಜಾನಿನಲ್ಲಿ ಟಾರ್ ಪುಸ್ತಕಗಳ ವಿವರಣೆಯ ಜೊತೆಗೆ, ಪ್ರಕಾಶಕರ ಕೋರಿಕೆಯಂತೆ ಇದನ್ನು ಡಿಆರ್‌ಎಂ ಇಲ್ಲದೆ ಮಾರಲಾಗುತ್ತಿದೆ ಎಂಬ ಸಾಲು ಇರುತ್ತದೆ. ಈಗ ಯಾವ ಇ-ಪುಸ್ತಕ ನೋಡಿದರೂ ಬೆಲೆಗಿಂತ ಮೊದಲು ಅಂಥ ಸಾಲಿದೆಯೇ ಎಂದು ಹುಡುಕುತ್ತೇನೆ. ಕನ್ನಡ ಪ್ರಕಾಶಕರೂ ಬೀಗ ಇದೆಯೋ ಇಲ್ಲವೋ ಎಂದು ಮಾರಾಟದ ಪುಟದಲ್ಲೇ ಬರೆದರೆ ಕೊಳ್ಳುವವರಿಗೆ ಅನುಕೂಲ.